ಸಹಾಯ ಬೇಕು: ಮೊಳೆ ಕೀಳೋ ಸುತ್ತಿಗೆ ಯಾವುದು ತಗೊಳ್ಲಿ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಸಣ್ಣಪುಟ್ಟ ರಿಪೇರಿ, ಜೊತೆಗೆ ವಾರದಲ್ಲಿ ಮೂರ್ನಾಲ್ಕು ದಿನ ಮರಗೆಲಸ. ಎರಡಕ್ಕೂ ಒಂದೇ ಸುತ್ತಿಗೆ ಬೇಕು. ಹಳೇದಕ್ಕೆ ಮರದ ಹಿಡಿ, ತಲೆ ಅಲ್ಲಾಡ್ತಿತ್ತು. ನೀರಲ್ಲಿ ನೆನೆಸಿಟ್ಟೆ, ಒಣಗಿದ ಮೇಲೆ ಮತ್ತೆ ಸಡಿಲ. ಬೆಣೆ ಹೊಡೆದೆ, ಹಿಡಿಯೇ ಸೀಳ್ತು!

ಸ್ನೇಹಿತರ ಹತ್ರ ಪೂರ್ತಿ ಉಕ್ಕಿನ 570 ಗ್ರಾಂದು ತಂದು ನೋಡಿದೆ. ದೊಡ್ಡ ಮೊಳೆ ಸಲೀಸಾಗಿ ಇಳಿಯುತ್ತೆ, ಆದ್ರೆ ಸಂಜೆ ಹೊತ್ತಿಗೆ ಮೊಣಕೈ ಜುಮ್ಮನ್ನುತ್ತೆ. ಹಾಗಾಗಿ 450 ಗ್ರಾಂಗೆ ಇಳಿಯೋಣ ಅಂತಿದ್ದೀನಿ. ನನಗೆ ಗೊಂದಲ ಇರೋದು ಸುತ್ತಿಗೆ ಹಿಂಬದಿಯ, ಮೊಳೆ ಕೀಳೋ ಕವಲು ಕೊಂಬಿನ ವಿಷಯಕ್ಕೆ. ಬಾಗಿದ್ರೆ ಮೊಳೆ ಕೀಳೋದು ಸುಲಭ, ನೇರ ಇದ್ರೆ ಹಲಗೆ ಸಂದಿಗೆ ತೂರಿಸಿ ಮೀಟಬಹುದು. ನನಗೆ ಎರಡೂ ಕೆಲಸ ಇರುತ್ತೆ.

ದಿನಾ ಬಳಸೋರು ಹೇಳಿ: 450 ಗ್ರಾಂ, ಫೈಬರ್ ಹಿಡಿ, ನೇರ ಕೊಂಬಿಂದು ತಗೊಂಡ್ರೆ ಮೊಳೆ ಕೀಳೋಕೆ ತುಂಬಾ ಕಷ್ಟ ಆಗುತ್ತಾ?