ಕಂಪಿತ, ನೊಕ್ಕು, ಒರಿಕೆಗೆ ಮ್ಯೂಸ್‌ಸ್ಕೋರ್‌ನಲ್ಲಿ ನಮ್ಮದೇ ಚಿಹ್ನೆ ಮಾಡೋದು ಹೇಗೆ?

ವೀಣಾ ಟೀಚರ್, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಮನೆಯಲ್ಲೇ ವೀಣೆ ಪಾಠ ಹೇಳ್ತೀನಿ. ನನ್ನ ಹತ್ತಿರ ಬರೋ ಮಕ್ಕಳಲ್ಲಿ ಕೆಲವರು ಬೇರೆ ಕಡೆ ಕೀಬೋರ್ಡೋ ವೆಸ್ಟರ್ನ್ ವಯೊಲಿನ್ನೋ ಕಲೀತಾರೆ. ಐದು ಗೆರೆಯ ಸ್ಟಾಫ್ ನೊಟೇಶನ್ ಅವರಿಗೆ ನೀರು ಕುಡಿದಷ್ಟು ಸುಲಭ. ಹಾಗಾಗಿ ಮೇಲೆ ಸ್ಟಾಫ್, ಅದರ ಕೆಳಗೆ ಕನ್ನಡದಲ್ಲಿ ಸ ರಿ ಗ ಮ, ಎರಡೂ ಒಂದೇ ಹಾಳೆಯಲ್ಲಿರೋ ಹಾಗೆ ಮ್ಯೂಸ್‌ಸ್ಕೋರ್ 4 ಅನ್ನೋ ನೊಟೇಶನ್ ಬರೆಯೋ ತಂತ್ರಾಂಶದಲ್ಲಿ ಪಾಠ ತಯಾರು ಮಾಡ್ತಿದ್ದೀನಿ. ಸರಳೆ, ಜಂಟಿ, ಅಲಂಕಾರ, ಗೀತೆ ಮುಗಿದಿವೆ. ವರ್ಣದ ಹತ್ತಿರ ಬಂದು ನಿಂತಿದ್ದೀನಿ. ಗಮಕ, ಅಂದರೆ ಕಂಪಿತ, ನೊಕ್ಕು, ಒರಿಕೆಯಂಥ ಸ್ವರದ ಅಲುಗಾಟ, ಒತ್ತು, ಜಾರುಗಳನ್ನು ಬರೆಯೋಕೆ ಅದರಲ್ಲಿ ಚಿಹ್ನೆ ಸಿಗ್ತಿಲ್ಲ.

ನಮ್ಮ ಗುರುಗಳು ರುದ್ರಪಟ್ಟಣದ ಕಡೆಯವರು. ನೋಟ್‌ಬುಕ್ಕಿನಲ್ಲಿ ಸ್ವರಗಳನ್ನು ನೀಲಿಯಲ್ಲಿ ಬರೆಸಿ, ಅದರ ನೆತ್ತಿಯ ಮೇಲೆ ಗಮಕದ ಗುರುತನ್ನು ತಾವೇ ಕೆಂಪು ಶಾಯಿಯಲ್ಲಿ ಹಾಕಿಕೊಡೋರು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ತೆಲುಗು ಲಿಪಿಯಲ್ಲಿ ಅಚ್ಚು ಹಾಕಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯ ಗುರುತುಗಳೇ ಅವು. ಕಂಪಿತಕ್ಕೆ ಅಲೆಗೆರೆ, ಸ್ಫುರಿತಕ್ಕೆ ∴, ಪ್ರತ್ಯಾಹತಕ್ಕೆ ∵, ನೊಕ್ಕಿಗೆ ಇಂಗ್ಲಿಷಿನ ಡಬ್ಲ್ಯೂ ಆಕಾರ, ರವೆಗೆ ಮೇಲ್ಮುಖದ ಮೊನೆ, ಖಂಡಿಂಪಿಗೆ ✓, ವಳಿಗೆ ⌒, ಏರು ಜಾರಿಗೆ /, ಇಳಿ ಜಾರಿಗೆ \, ಒದುಕ್ಕಲ್‌ಗೆ ಗುಣಾಕಾರದ ಗುರುತು, ಒರಿಕೆಗೆ ಗ್ರೀಕಿನ ಗ್ಯಾಮಾ.

ಇದರ ಬದಲು ವೆಸ್ಟರ್ನ್ ಸಂಗೀತದ ಅಲಂಕಾರದ ಗುರುತುಗಳಾದ ಟ್ರಿಲ್, ಮಾರ್ಡೆಂಟ್ ಬಳಸಿ ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆ ಇಲ್ಲ. ತೋಡಿ ರಾಗದ ಗಾಂಧಾರದ ಮೇಲೆ ಟ್ರಿಲ್ ಹಾಕಿದರೆ ಮಗು ಎರಡು ಸ್ವರಗಳನ್ನು ಪಟಪಟ ಅಂತ ಬಾರಿಸುತ್ತೆ, ಕಂಪ್ಯೂಟರೂ ಹಾಗೇ ನುಡಿಸಿ ತೋರಿಸುತ್ತೆ. ಅಲ್ಲಿಗೆ ತೋಡಿ ಹೋಯ್ತು. ಗುರುತುಗಳನ್ನು ಚಿತ್ರಗಳಾಗಿ ಅಂಟಿಸಿಯೂ ನೋಡಿದೆ. ಒಂದೊಂದರ ಅಳತೆಯನ್ನೂ ಸರಿಮಾಡಿ, ಕೈಯಲ್ಲಿ ಎಳೆದು ಕೂರಿಸಬೇಕು. ಒಂದು ವರ್ಣಕ್ಕೆ ಅದು ಆಗದ ಕೆಲಸ.

ಇನ್ನೊಂದು ತೊಂದರೆ: ತಾರಸ್ಥಾಯಿಯ ‘ಸ’ ಮೇಲೆ, ಮಂದ್ರದ ‘ನಿ’ ಕೆಳಗೆ ಚುಕ್ಕಿ ಇಡೋಕೆ ಹೋದರೆ ಚುಕ್ಕಿ ಪಕ್ಕಕ್ಕೆ ಸರಿದು ಕೂರುತ್ತೆ. ದಾರಿ ಗೊತ್ತಿರೋರು ಹೇಳಿ.

ಮಲೆನಾಡ ಫಾಂಟು, ಚಿಕ್ಕಮಗಳೂರು

ಮೇಡಂ, ಚಿತ್ರದ ದಾರಿ ಬಿಡಿ. ಗಮಕವನ್ನು ಅಕ್ಷರವಾಗಿ ಮಾಡಿ. ಅಂದರೆ ಆ ಹನ್ನೊಂದು ಗುರುತುಗಳಿಗೆ ಒಂದು ಪುಟ್ಟ ಫಾಂಟು. ಅಕ್ಷರವಾದರೆ ಟೈಪ್ ಮಾಡಬಹುದು, ಸ್ವರದ ಜೊತೆಗೇ ಸರಿಯುತ್ತೆ, ಎಲ್ಲದರ ಅಳತೆಯನ್ನು ಒಂದೇ ಕಡೆ ಬದಲಿಸಬಹುದು.

ಮೊದಲು ಕೂರಿಸೋ ಜಾಗ ಹೇಳ್ತೀನಿ, ಅನುಕೂಲ ಇರೋದೇ ಅಲ್ಲಿ. ನೀವು ಸ ರಿ ಗ ಮವನ್ನು ಲಿರಿಕ್ಸ್ ಆಗಿ ಬರೀತಿರಬೇಕು, ಕಂಟ್ರೋಲ್ ಮತ್ತು ಎಲ್ ಒತ್ತಿ. ಮ್ಯೂಸ್‌ಸ್ಕೋರ್‌ನಲ್ಲಿ ಲಿರಿಕ್ಸಿನ ಬೆಸ ಸಾಲು, ಸಮ ಸಾಲುಗಳಿಗೆ ಬೇರೆ ಬೇರೆ ಟೆಕ್ಸ್ಟ್ ಸ್ಟೈಲ್ ಇದೆ. ಫಾರ್ಮ್ಯಾಟ್, ಸ್ಟೈಲ್, ಟೆಕ್ಸ್ಟ್ ಸ್ಟೈಲ್ಸ್ ಒಳಗೆ ಹೋಗಿ ನೋಡಿ. ಬೆಸ ಸಾಲಿಗೆ ಕನ್ನಡ ಫಾಂಟು, ಸಮ ಸಾಲಿಗೆ ಗಮಕದ ಫಾಂಟು ಕೊಡಿ. ಸ್ವರ ಬರೆದ ಮೇಲೆ ಎಂಟರ್ ಒತ್ತಿದರೆ ಎರಡನೇ ಸಾಲು ಬರುತ್ತೆ, ಅದರಲ್ಲಿ ಗಮಕ ಬರೀರಿ. ಗಮಕ ಇಲ್ಲದ ಸ್ವರ ಬಂದರೆ ಸ್ಪೇಸ್ ಒತ್ತಿ ದಾಟಿ. ಕೊನೆಗೆ ಆ ಸಾಲನ್ನೆಲ್ಲ ಆಯ್ಕೆ ಮಾಡಿ, ಪ್ರಾಪರ್ಟೀಸ್‌ನಲ್ಲಿ ಪ್ಲೇಸ್‌ಮೆಂಟನ್ನು ಅಬೋವ್ ಅಂತ ಬದಲಿಸಿ. ಸ್ವರ ಗೆರೆಗಳ ಕೆಳಗೆ, ಗಮಕ ಮೇಲೆ. ನಿಮ್ಮ ಗುರುಗಳ ಕೆಂಪು ಶಾಯಿ ಇದ್ದ ಜಾಗವೇ. ಬೇಕಿದ್ದರೆ ಆ ಸ್ಟೈಲಿಗೆ ಕೆಂಪು ಬಣ್ಣವನ್ನೂ ಕೊಡಬಹುದು.

ಈಗ ಫಾಂಟು. ಇಂಕ್‌ಸ್ಕೇಪ್‌ನಲ್ಲಿ (ಚಿತ್ರ ಬರೆಯೋ ತಂತ್ರಾಂಶ) ಬರೆದು, ಗೆರೆಗಳನ್ನು ‘ಸ್ಟ್ರೋಕ್ ಟು ಪಾತ್’ ಮಾಡಿ, ಎಸ್‌ವಿಜಿ ಆಗಿ ಉಳಿಸಿ. ಫಾಂಟ್‌ಫೋರ್ಜ್‌ನಲ್ಲಿ (ಫಾಂಟು ಮಾಡೋ ತಂತ್ರಾಂಶ) ಒಂದೊಂದು ಮನೆಗೆ, ಅಂದರೆ ಒಂದೊಂದು ಅಕ್ಷರದ ಜಾಗಕ್ಕೆ, ಇಂಪೋರ್ಟ್ ಮಾಡಿ. ಎರಡೂ ಉಚಿತ ತಂತ್ರಾಂಶಗಳೇ. ಅಳತೆಗೆ ಎಸ್‌ಎಂಯುಎಫ್‌ಎಲ್ ಅನ್ನೋ ಸಂಗೀತ ಫಾಂಟುಗಳ ಮಾನದಂಡದ ಲೆಕ್ಕ ಹಿಡಿಯಿರಿ. ಅದರಲ್ಲಿ ಒಂದು ‘ಎಂ’ ಅಂದರೆ ಐದು ಗೆರೆಗಳ ಪೂರ್ತಿ ಎತ್ತರ, ಅಂದರೆ ಗೆರೆಗಳ ನಡುವಿನ ನಾಲ್ಕು ಸಂದು. ‘ಎಂ’ಗೆ 1000 ಯೂನಿಟ್ ಇಟ್ಟರೆ ಒಂದು ಸಂದಿಗೆ 250. ಮ್ಯೂಸ್‌ಸ್ಕೋರ್‌ನಲ್ಲಿ ಒಂದು ಸಂದು ಸುಮಾರು 1.75 ಮಿ.ಮೀ. ಇರೋದರಿಂದ ಸ್ಟಾಫಿನ ಎತ್ತರ 7 ಮಿ.ಮೀ. 20 ಪಾಯಿಂಟಿನ ಅಕ್ಷರದ ‘ಎಂ’ ಕೂಡ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಸಮ ಸಾಲಿಗೆ 20 ಪಾಯಿಂಟ್ ಕೊಟ್ಟರೆ, ಫಾಂಟ್‌ಫೋರ್ಜ್‌ನಲ್ಲಿ 250 ಯೂನಿಟ್ ಎತ್ತರಕ್ಕೆ ಬರೆದ ಗುರುತು ಹಾಳೆಯ ಮೇಲೆ ಸರಿಯಾಗಿ ಒಂದು ಸಂದಿನಷ್ಟು ಇರುತ್ತೆ. ಊಹೆ ಮಾಡೋದು ತಪ್ಪುತ್ತೆ.

ಗುರುತುಗಳನ್ನು ಯಾವ ಮನೆಯಲ್ಲಿ ಇಡಬೇಕು ಅನ್ನೋದು ಮುಖ್ಯ. ಸಂಗೀತದ ಫಾಂಟುಗಳು ಯೂನಿಕೋಡಿನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡೋ ಮಾನದಂಡ) ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟಿರೋ ಖಾಸಗಿ ಜಾಗವನ್ನು ಬಳಸುತ್ತವೆ. ನಿಮ್ಮ ಗಮಕಕ್ಕೆ ಅದು ಬೇಡ ಅಂತ ನನ್ನ ಅಭಿಪ್ರಾಯ. ∴ ಯೂನಿಕೋಡಿನಲ್ಲಿ 2234, ∵ 2235, ✓ 2713, ⌒ 2312. ಗ್ಯಾಮಾ ಗ್ರೀಕಿನಲ್ಲಿದೆ, ಓರೆಗೆರೆ, ಡಬ್ಲ್ಯೂ, ಅಲೆಗೆರೆ ಕೀಬೋರ್ಡಿನಲ್ಲೇ ಇವೆ. ನಿಮ್ಮ ಚಿತ್ರಗಳನ್ನು ಆಯಾ ಮನೆಗಳಲ್ಲೇ ಇಡಿ. ನಾಳೆ ಯಾರಾದರೂ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೂ ಬೇರೆ ಫಾಂಟಿನ ∴ ಕಾಣುತ್ತೆ, ಪಾಠ ಓದಬಹುದು. ಖಾಸಗಿ ಜಾಗದಲ್ಲಿಟ್ಟಿದ್ದರೆ ಬರೀ ಖಾಲಿ ಚೌಕ ಕಾಣೋದು.

ಸ್ಥಾಯಿ ಚುಕ್ಕಿಗೆ ಮಾತ್ರ ಖಾಸಗಿ ಜಾಗವೇ ಸರಿ. ನೋಟೋ ಸಾನ್ಸ್ ಕನ್ನಡ ಮುಕ್ತ ಪರವಾನಗಿಯ ಫಾಂಟು. ಅದರ ಪ್ರತಿ ತೆಗೆದು, ಹೆಸರು ಬದಲಿಸಿ, ಏಳು ಸ್ವರಗಳಿಗೂ ಮೇಲೆ ಚುಕ್ಕಿ ಇರೋದು, ಕೆಳಗೆ ಚುಕ್ಕಿ ಇರೋದು, ಹೀಗೆ ಹದಿನಾಲ್ಕು ಅಕ್ಷರಗಳನ್ನು ಸಿದ್ಧರೂಪದಲ್ಲೇ ಸೇರಿಸಿ. ಚುಕ್ಕಿ ಎಲ್ಲೂ ಸರಿಯಲ್ಲ.

ಒಂದು ಎಚ್ಚರಿಕೆ. ಲಿರಿಕ್ಸ್ ಬರೆಯುವಾಗ ಹೈಫನ್, ಅಂಡರ್‌ಸ್ಕೋರ್ ಒತ್ತಿದರೆ ಕರ್ಸರ್ ಮುಂದಿನ ಸ್ವರಕ್ಕೆ ಹೋಗುತ್ತೆ. ಆ ಎರಡು ಕೀಗಳಿಗೆ ಯಾವ ಗಮಕವನ್ನೂ ಕೊಡಬೇಡಿ.

ಕಾಯರ್ ಮಾಸ್ಟರ್

ನಾನೂ ಚಿಕ್ಕಮಗಳೂರಿನವನೇ, ಚರ್ಚಿನ ಕಾಯರ್‌ಗೆ ಹಾಡುಗಳನ್ನು ಬರೆದುಕೊಡ್ತೀನಿ. ಮೇಲಿನವರು ಹೇಳಿದ ಫಾಂಟಿನ ದಾರಿಗೆ ನನ್ನದೂ ಓಟು. ನಾನು ತುಂಬಾ ಕಾಲ ಫಿನಾಲೆ ಅನ್ನೋ ನೊಟೇಶನ್ ತಂತ್ರಾಂಶ ಬಳಸಿದವನು, ಅದರ ಶೇಪ್ ಡಿಸೈನರ್‌ನಲ್ಲಿ ನನ್ನದೇ ಗುರುತುಗಳನ್ನು ಮಾಡಿಕೊಂಡಿದ್ದೆ. 2024ರ ಆಗಸ್ಟಿನಲ್ಲಿ ಅದರ ಅಭಿವೃದ್ಧಿ ನಿಲ್ಲಿಸ್ತೀವಿ ಅಂತ ಕಂಪನಿ ಪ್ರಕಟಿಸಿತು. ಸ್ವರಗಳು, ಸಾಹಿತ್ಯ ನೊಟೇಶನ್ ತಂತ್ರಾಂಶಗಳ ನಡುವೆ ಫೈಲ್ ಸಾಗಿಸೋ ಮ್ಯೂಸಿಕ್‌ಎಕ್ಸ್‌ಎಂಎಲ್ ಮೂಲಕ ಬೇರೆ ತಂತ್ರಾಂಶಕ್ಕೆ ಬಂದವು, ನಾನು ಬರೆದ ಆಕಾರಗಳು ಬರಲಿಲ್ಲ. ಲಿರಿಕ್ಸಿನಲ್ಲಿ ಇಟ್ಟ ಅಕ್ಷರವಾದರೆ ಎಲ್ಲಿಗೆ ಹೋದರೂ ಅಕ್ಷರವಾಗಿಯೇ ಉಳಿಯುತ್ತೆ.

ಆದರೆ ಮೇಡಂ, ನಿಮ್ಮ ಪಟ್ಟಿಯನ್ನು ಸ್ಟಾಫ್ ಓದೋ ಕಣ್ಣಿನಿಂದ ನೋಡಿದರೆ ಕೆಲವು ಗುರುತುಗಳಿಗೆ ಅಲ್ಲಿ ಆಗಲೇ ಬೇರೆ ಅರ್ಥ ಇದೆ. ನಮ್ಮ ಕಾಯರ್‌ನಲ್ಲಿ ಸ್ಟಾಫಿನ ಮೇಲೆ ✓ ಕಂಡರೆ ಉಸಿರು ತಗೊಳ್ತಾರೆ. ⌒ ಕಂಡರೆ ಸ್ಲರ್ ಅಂದುಕೊಂಡು ಪಕ್ಕದ ಸ್ವರಕ್ಕೆ ಸೇರಿಸಿಬಿಡ್ತಾರೆ. ನೊಕ್ಕಿನ ಡಬ್ಲ್ಯೂ ನೋಡಿದ ವಯೊಲಿನ್ ಮಗು ಮಾರ್ಡೆಂಟ್ ಅಂತಲೇ ನುಡಿಸುತ್ತೆ. ಗುಣಾಕಾರದ ಗುರುತು ಸ್ವರದ ಹಿಂದೆ ಬಂದರೆ ಡಬಲ್ ಶಾರ್ಪ್, ಅಂದರೆ ಸ್ವರವನ್ನು ಎರಡು ಅರೆಸ್ವರ ಏರಿಸೋ ಗುರುತು.

ಗುರುತು ಬದಲಿಸಿ ಅಂತ ನಾನು ಹೇಳಲ್ಲ, ನೂರು ವರ್ಷಕ್ಕೂ ಮೀರಿ ಬಳಕೆಯಲ್ಲಿರೋದು ಅದು. ಬರೆಯೋ ರೀತಿಯಲ್ಲಿ ಬೇರೆ ಮಾಡಿ. ಮಾರ್ಡೆಂಟಿನ ಗೆರೆ ಒಂದು ಕಡೆ ದಪ್ಪ ಒಂದು ಕಡೆ ತೆಳು, ಅಡ್ಡಕ್ಕೆ ಚಪ್ಪಟೆಯಾಗಿರುತ್ತೆ. ನಿಮ್ಮ ನೊಕ್ಕು ಒಂದೇ ದಪ್ಪದ ತೆಳು ಗೆರೆಯಲ್ಲಿ, ನೆಟ್ಟಗೆ, ಎತ್ತರವಾಗಿರಲಿ. ವಳಿಯನ್ನು ಒಂದು ಸ್ವರದ ತಲೆಗಿಂತ ಅಗಲ ಮಾಡಬೇಡಿ, ಆಗ ಸ್ಲರ್ ಅನ್ನಿಸಲ್ಲ. ಎಲ್ಲಾ ಗಮಕಗಳೂ ಒಂದೇ ಎತ್ತರದ ಸಾಲಿನಲ್ಲಿ ಕೂತರೆ ಅದೊಂದು ಬೇರೆ ಪಂಕ್ತಿ ಅಂತ ಕಣ್ಣಿಗೆ ತಾನಾಗೇ ತಿಳಿಯುತ್ತೆ.

ಜಾರಿಗೆ ಒಂದು ಸಲಹೆ. ಎರಡು ಸ್ವರಗಳ ನಡುವಿನ ಜಾರನ್ನು ಗ್ಲಿಸಾಂಡೋ ಗೆರೆಯಲ್ಲೇ ತೋರಿಸಬಹುದಲ್ಲ? ಅದರ ಮೇಲಿನ ಪದವನ್ನೂ ಪ್ಲೇಬ್ಯಾಕನ್ನೂ ತೆಗೆದುಬಿಡಬಹುದು.

ವೀಣಾ ಟೀಚರ್, ಹಾಸನ

ಇಬ್ಬರಿಗೂ ತುಂಬಾ ಧನ್ಯವಾದ. ಸಮ ಸಾಲಿನ ಉಪಾಯ ಕೆಲಸ ಮಾಡ್ತು! ಸದ್ಯಕ್ಕೆ ಕಂಪ್ಯೂಟರಿನಲ್ಲಿದ್ದ ಫಾಂಟಿನಲ್ಲೇ ∴ ∵ ಹಾಕಿ ಜಂಟಿ ವರಸೆ ತೆಗೆದೆ. ಆರೋಹಣದ ಜಂಟಿಗೆ ಸ್ಫುರಿತ, ಅವರೋಹಣಕ್ಕೆ ಪ್ರತ್ಯಾಹತ, ಸಾಲಾಗಿ ಸ್ವರದ ಮೇಲೆ ಕೂತಿವೆ. ಆದರೆ ಜೆರಾಕ್ಸ್ ಮಾಡಿಸಿದಾಗ ಮೂರು ಚುಕ್ಕಿಗಳೂ ಕೂಡಿಕೊಂಡು ಒಂದು ಮಚ್ಚೆಯ ಹಾಗಾಗುತ್ತೆ. ಯಾವುದು ಮೇಲ್ಮುಖ, ಯಾವುದು ಕೆಳಮುಖ ಅಂತ ಗೊತ್ತಾಗಲ್ಲ. ಮಕ್ಕಳ ಕೈಗೆ ಹೋಗೋದು ಜೆರಾಕ್ಸೇ.

ಕಾಯರ್ ಮಾಸ್ಟರ್ ಅವರೇ, ಜಾರಿಗೆ ಗ್ಲಿಸಾಂಡೋ ಗೆರೆ ಒಳ್ಳೆಯದೇ, ಆದರೆ ಎಲ್ಲಾ ಕಡೆ ಅಲ್ಲ. ಸ್ಟಾಫಿನಲ್ಲಿ ಎರಡೂ ತುದಿಗೆ ಸ್ವರ ಬರೆದಿರಬೇಕು. ವೀಣೆಯಲ್ಲಿ ಹೊರಡುವ ಮನೆಯನ್ನು ಎಷ್ಟೋ ಸಲ ಬರೆಯೋದೇ ಇಲ್ಲ, ರಾಗದ ಅರಿವಿನಿಂದ ಬರಬೇಕು. ಅಂಥಲ್ಲಿ ಓರೆಗೆರೆಯೇ ಇರಲಿ. ಒದುಕ್ಕಲ್‌ಗೂ ಹೀಗೇ: ತಂತಿಯನ್ನು ಕೆಳಗಿನ ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದು ಮೇಲಿನ ಸ್ವರ ತರೋದು. ಸ್ಟಾಫಿನಲ್ಲಿ ಕೇಳೋ ಸ್ವರ ಬರೀಬೇಕೋ, ಬೆರಳಿರೋ ಮೆಟ್ಟಿಲ ಸ್ವರ ಬರೀಬೇಕೋ? ನಾನು ಕೇಳೋ ಸ್ವರ ಬರೆದು ಮೇಲೆ ಗುರುತು ಹಾಕೋದು ಅಂತ ತೀರ್ಮಾನಿಸಿದ್ದೀನಿ, ಕೀಬೋರ್ಡಿನ ಮಗುವಿಗೂ ಅದೇ ಹಾಳೆ ಆಗಬೇಕಲ್ಲ. ಬೇರೆ ವೈಣಿಕರು ಇದ್ದರೆ ನಿಮ್ಮ ಅಭ್ಯಾಸ ತಿಳಿಸಿ.

ಮಲೆನಾಡ ಫಾಂಟು, ಚಿಕ್ಕಮಗಳೂರು

ಮೇಡಂ, ಇದಕ್ಕೇ ನಿಮಗೆ ಸ್ವಂತ ಫಾಂಟು ಬೇಕಾಗಿರೋದು. ಸಾಮಾನ್ಯ ಫಾಂಟಿನ ∴ ಗಣಿತಕ್ಕೆ ಅಂತ ಮಾಡಿದ್ದು. ನೀವು ಬರೆಯುವಾಗ ಒಂದೊಂದು ಚುಕ್ಕಿಗೂ 100 ಯೂನಿಟ್ ಅಗಲ ಕೊಡಿ, ಚುಕ್ಕಿಗಳ ನಡುವೆ ಅಷ್ಟೇ ಖಾಲಿ ಬಿಡಿ. 20 ಪಾಯಿಂಟಿನಲ್ಲಿ ಅದು ಸುಮಾರು 0.7 ಮಿ.ಮೀ. ಆಗುತ್ತೆ, ಜೆರಾಕ್ಸಿನಲ್ಲೂ ಬಿಡಿಬಿಡಿಯಾಗಿ ಕಾಣುತ್ತೆ. ಕಂಪಿತದ ಅಲೆಯನ್ನು ಅಗಲ ಮಾಡಬೇಡಿ. ಅದು ಲಿರಿಕ್ಸ್ ಆಗಿರೋದರಿಂದ ಗುರುತು ಅಗಲವಾದಷ್ಟೂ ಸ್ವರಗಳು ದೂರ ಸರಿಯುತ್ತವೆ, ತಾಳದ ಒಂದು ಆವರ್ತ ಒಂದು ಸಾಲಿನಲ್ಲಿ ಹಿಡಿಸಲ್ಲ. ಎರಡು ಅಲೆ ಸಾಕು.

ಅಂಗಡಿಗೆ ಪಿಡಿಎಫ್ ಕೊಡಿ, ಫಾಂಟು ಅದರೊಳಗೇ ಸೇರಿರುತ್ತೆ. ಪ್ರಿಂಟ್ ತೆಗೆಯುವಾಗ ನೂರಕ್ಕೆ ನೂರು ಅಳತೆಯಲ್ಲೇ ತೆಗೀರಿ ಅಂತ ಹೇಳಿ. ‘ಫಿಟ್ ಟು ಪೇಜ್’ ಹಾಕಿದರೆ ಎಲ್ಲಾ ಕುಗ್ಗಿ ಚುಕ್ಕಿಗಳು ಮತ್ತೆ ಅಂಟಿಕೊಳ್ಳಬಹುದು. ಮ್ಯೂಸ್‌ಸ್ಕೋರ್ ಫೈಲನ್ನೇ ಯಾರಿಗಾದರೂ ಕಳಿಸೋದಾದರೆ ಎರಡು ಫಾಂಟುಗಳನ್ನೂ ಜೊತೆಗೆ ಕಳಿಸಿ. ಗಮಕದ್ದು ಇಲ್ಲದಿದ್ದರೂ ನಡೆಯುತ್ತೆ, ಚುಕ್ಕಿ ಸ್ವರಗಳದ್ದು ಇಲ್ಲದಿದ್ದರೆ ಆ ಜಾಗ ಖಾಲಿ ಬೀಳುತ್ತೆ.