ಮೌಲಾನಾ, ಮೌಲ್ವಿ, ಮುಲ್ಲಾ: ಮೂರಕ್ಕೂ ಬೇರು ಒಂದೇ

ದಾವಣಗೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ನನ್ನದು ಟೈಪಿಂಗ್ ಕೆಲಸ. ಹೋದ ವಾರ ಆಜಾದ್ ನಗರದ ಹಿರಿಯರೊಬ್ಬರು ಮಗಳ ನಿಕಾಹ್ ಪತ್ರಿಕೆಯ ಪ್ರೂಫ್ ನೋಡುತ್ತಾ ಒಂದು ಪದಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದರು. ನಿಕಾಹ್ ಓದಿಸುವವರ ಹೆಸರಿನ ಹಿಂದೆ ನಾನು ‘ಮುಲ್ಲಾ’ ಎಂದು ಹಾಕಿದ್ದೆ. “ಮೌಲಾನಾ ಅಂತ ಮಾಡಪ್ಪ, ಓದಿಕೊಂಡವರು ಅವರು” ಅಂದರು. ತಕ್ಷಣ ತಿದ್ದಿದೆ. ಪದ ಮಾತ್ರ ತಲೆಯಲ್ಲೇ ಉಳಿಯಿತು.

ಎರಡೂ ಬಂದಿದ್ದು ಅರಬ್ಬಿಯ ‘ಮೌಲಾ’ದಿಂದ. ಅದರ ಬೇರಿಗೆ ‘ಹತ್ತಿರ ಇರು’ ಎಂಬ ಅರ್ಥ. ಹತ್ತಿರ ಇದ್ದು ಕಾಯುವವನು ಮೌಲಾ, ಅಂದರೆ ಒಡೆಯ. ಗೆಳೆಯನೂ ಮೌಲಾ. ಆಳನ್ನು ಬಿಡುಗಡೆ ಮಾಡಿದ ಧಣಿಯೂ ಮೌಲಾ, ಬಿಡುಗಡೆಯಾದ ಆಳೂ ಮೌಲಾ! ಕೊನೆಯ ‘ನಾ’ ಅಂದರೆ ‘ನಮ್ಮ’. ಹಾಗಾಗಿ ಮೌಲಾನಾ ಅಂದರೆ ‘ನಮ್ಮ ಒಡೆಯರು’. ಅಬುಲ್ ಕಲಾಂ ಆಜಾದರ ಹೆಸರಿನ ಹಿಂದಿರುವ ಮೌಲಾನಾ ಇದೇ. ಅದು ಹುಟ್ಟುಹೆಸರಲ್ಲ, ಗೌರವದ ಮಾತು. ಮೌಲ್ವಿ ಅಂದರೆ ‘ಮೌಲಾಗೆ ಸೇರಿದವನು’. ಮೌಲಾ ಪರ್ಷಿಯನ್ ಮಾತಾಡುವವರ ಬಾಯಲ್ಲಿ ಸವೆದು ಮುಲ್ಲಾ ಆಯಿತು.

ಮೌಲಾ ನಮಗೆ ಹೊಸಬನೇನಲ್ಲ. ನಮ್ಮ ಕಡೆ ಮೌಲಾಸಾಬ್, ಮೌಲಾಲಿ ಅನ್ನೋ ಹೆಸರು ಎಷ್ಟಿಲ್ಲ! ಮೌಲಾಲಿ ಅಂದರೆ ಮೌಲಾ ಅಲಿ, ಪೈಗಂಬರರ ಅಳಿಯ. ಚಿತ್ರದುರ್ಗದ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬಕ್ಕೆ, ಅಂದರೆ ಮೊಹರಂಗೆ, ಸಕ್ಕರೆ ಓದಿಸಲು (ಸಕ್ಕರೆ ಮುಂದಿಟ್ಟು ಪ್ರಾರ್ಥನೆ ಹೇಳಿಸಲು) ಎಲ್ಲ ಜಾತಿಯವರೂ ಹೋಗುತ್ತಾರೆ ಅಲ್ವಾ?

ಎದುರಿಗೆ ಮಾತಾಡುವಾಗ ಮಾತ್ರ ಈ ಮೂರರಲ್ಲಿ ಯಾವುದೂ ಜಾಸ್ತಿ ಕೇಳಿಸುವುದಿಲ್ಲ. “ಹಜರತ್, ಕೂತ್ಕೊಳ್ಳಿ” ಅನ್ನುತ್ತಾರೆ. ಹಜರತ್‌ನ ಬೇರು ‘ಎದುರಿಗೆ ಇರು’. ಶಾಲೆಯಲ್ಲಿ ಕೂಗುವ ‘ಹಾಜರ್’ ಕೂಡ ಅದರದೇ ಕೂಸು, ಹಳೇ ಕಾಗದಗಳ ‘ಹುಜೂರು’ ಕೂಡ. ನಾವು ಮಠದ ಸ್ವಾಮಿಗಳನ್ನು ‘ಸನ್ನಿಧಾನ’ ಅನ್ನುತ್ತೇವಲ್ಲ, ಅದೇ ಭಾವ. ಎರಡೂ ಕಡೆ ಹೆಸರು ಹಿಡಿದು ಕರೆಯದೆ, ಅವರು ಎದುರಿಗಿರುವುದನ್ನೇ ಗೌರವವಾಗಿ ಕರೆದಿದ್ದೇವೆ. ಇದು ಕಂಡಾಗ ನನಗೆ ತುಂಬಾ ಖುಷಿಯಾಯಿತು.

ನನ್ನ ಅನಿಸಿಕೆ ಇಷ್ಟು. ಮುಲ್ಲಾ ಬೈಗುಳವಲ್ಲ. ಬಡಗಣ ಜಿಲ್ಲೆಗಳಲ್ಲಿ ಅದು ಎಷ್ಟೋ ಮನೆತನಗಳ ಅಡ್ಡಹೆಸರು. ಆದರೆ ಈಚೆಗೆ ಅದನ್ನು ಹೀಯಾಳಿಸಲು ಬಳಸಿ ಬಳಸಿ ಕೆಡಿಸಿದ್ದಾರೆ. ಆದ್ದರಿಂದ ಪತ್ರಿಕೆಯಲ್ಲಿ ಅವರು ಹೇಳಿದ ಪದವನ್ನೇ ಹಾಕಬೇಕು, ನಾವೇ ಸುಮ್ನೆ ಒಂದನ್ನು ಆರಿಸಬಾರದು.

ನಿಮ್ಮ ಊರಲ್ಲಿ ಸಕ್ಕರೆ ಓದಿಕೊಡುವವರನ್ನು ಏನಂತ ಕರೆಯುತ್ತಾರೆ? ಅಜ್ಜಿಯರ ಬಾಯಲ್ಲಿ ಇರುವ ಪದವೇ ಬೇಕು, ದಯವಿಟ್ಟು ಕೇಳಿ ತಿಳಿಸಿ.