ಒಂದೇ ಕೈ ಬೀಸದಿದ್ದರೆ ಅದು ವಯಸ್ಸಿನ ದೋಷವಾ?

ಪ್ರಶ್ನೆ, ಡೊಂಬಿವಲಿಯಿಂದ: ಅಪ್ಪನಿಗೆ 68. ನಡೆಯುವಾಗ ಎಡಗೈ ಬೀಸುವುದೇ ಇಲ್ಲ. ಟಿವಿ ಮುಂದೆ ಕೂತಾಗ ಅದೇ ಕೈಯ ಹೆಬ್ಬೆರಳು ಅಲುಗುತ್ತಿರುತ್ತೆ, ಚಹಾ ಕಪ್ಪಿಗೆ ಕೈ ಹಾಕಿದರೆ ನಿಲ್ಲುತ್ತೆ. ಎಂಆರ್‌ಐ ನಾರ್ಮಲ್. ಬರವಣಿಗೆಯೂ ಮೊದಲಿನಂತೇ ಇದೆ. ಆರು ತಿಂಗಳಿಂದ ಗ್ಯಾಸ್ ಮಾತ್ರೆ ನಡೀತಿದೆ. ವಯಸ್ಸಾಯ್ತು ಅಂತ ಸುಮ್ಮನಿರಬಹುದಾ?

ಉತ್ತರ, ನರರೋಗ ತಜ್ಞರು: ಸುಮ್ಮನಿರಬೇಡಿ. ಮೊದಲು ಆ ಗ್ಯಾಸ್ ಮಾತ್ರೆಯ ಪಟ್ಟಿ ತಿರುಗಿಸಿ ಓದಿ. ಪ್ಯಾಂಟೊಪ್ರಜೋಲ್ ಒಂದೇ ಇದ್ದರೆ ಚಿಂತೆಯಿಲ್ಲ. ಜೊತೆಗೆ ಲೆವೊಸಲ್ಪಿರೈಡ್ ಇದ್ದರೆ ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಮೈಯ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಮೆದುಳಿನಲ್ಲಿದೆ, ಈ ಮಾತ್ರೆ ಅದರ ಕೆಲಸವನ್ನೇ ತಡೆಯುತ್ತೆ. ನೋಡಲು ಥೇಟ್ ಪಾರ್ಕಿನ್ಸನ್, ಅಂದರೆ ಕೈ ನಡುಗಿ ಚಲನೆ ನಿಧಾನವಾಗುವ ಮೆದುಳಿನ ಕಾಯಿಲೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಕೂಡ ಇದೇ ಜಾತಿಯ ತೊಂದರೆ ಕೊಡುತ್ತವೆ. ಬಿಡಿಸಿದ ಮೇಲೆ ಸರಿಹೋಗಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಇನ್ನು ವಯಸ್ಸಿನ ಮಾತು. ನಡುಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಕಪ್ಪು ಬಣ್ಣದ ಜೀವಕೋಶಗಳ ಪಟ್ಟಿಯೊಂದಿದೆ, ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ. ವಯಸ್ಸಾದಂತೆ ಎಲ್ಲರಲ್ಲೂ ಅದು ಸ್ವಲ್ಪ ಸ್ವಲ್ಪ ಸವೆಯುತ್ತೆ. ಪಾರ್ಕಿನ್ಸನ್‌ನಲ್ಲಿ ಕೈ ನಡುಗುವ ಹೊತ್ತಿಗೆ ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೋಶಗಳು ಸತ್ತಿರುತ್ತವೆ. ಸಾಮಾನ್ಯ ಎಂಆರ್‌ಐಯಲ್ಲಿ ಇದು ಕಾಣುವುದಿಲ್ಲ. ಅದನ್ನು ಮಾಡಿಸುವುದು ಪಾರ್ಶ್ವವಾಯು, ಗಡ್ಡೆ, ನೀರು ತುಂಬುವಿಕೆ ಇಲ್ಲವೆಂದು ನೋಡಲು. ವಯಸ್ಸು ಎರಡೂ ಕೈಗಳನ್ನು ಒಂದೇ ಸಮ ನಿಧಾನ ಮಾಡುತ್ತೆ. ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದು ಪಕ್ಕದಿಂದ ಶುರು.

ಮನೆಯಲ್ಲೇ ನೋಡಿ: ಹೆಬ್ಬೆರಳಿಗೆ ತೋರುಬೆರಳನ್ನು ಅಗಲವಾಗಿ, ಬೇಗಬೇಗ 15 ಸಲ ತಟ್ಟಿಸಿ, ಎರಡೂ ಕೈಯಲ್ಲಿ. ಎಡಗೈಯಲ್ಲಿ ಬೆರಳುಗಳ ನಡುವಿನ ಅಂತರ ತಟ್ಟಿದಂತೆ ತಟ್ಟಿದಂತೆ ಕಿರಿದಾಗುತ್ತಾ ಬಂದು ನಡುವೆ ತಡವರಿಸಿದರೆ ಅದೇ ಮುಖ್ಯ ಸುಳಿವು. ಮೊಬೈಲಲ್ಲಿ ವಿಡಿಯೊ ಮಾಡಿ ತನ್ನಿ. ಬರವಣಿಗೆ ನೋಡಿ ಸಮಾಧಾನಪಡಬೇಡಿ: ಅಪ್ಪ ಬಲಗೈಯಲ್ಲಿ ಬರೆಯುವವರಾದರೆ, ಎಡಗೈ ಕಾಯಿಲೆ ಅಕ್ಷರದಲ್ಲಿ ಹೇಗೆ ಕಾಣಬೇಕು? ಅಮ್ಮನನ್ನೂ ಕೇಳಿ: ಇಂಗಿನ ಒಗ್ಗರಣೆ ಅಪ್ಪನ ಮೂಗಿಗೆ ಬಡಿಯುತ್ತಾ, ಮಲಬದ್ಧತೆ ಎಷ್ಟು ವರ್ಷದಿಂದ, ಕನಸಿನಲ್ಲಿ ಕೂಗಿ ಒದೆಯುತ್ತಾರಾ? ಇವು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಬರಬಹುದು.

ಪ್ರಶ್ನೆ, ಪುಣೆಯಿಂದ: ಅತ್ತೆಗೆ ಪಾರ್ಕಿನ್ಸನ್ ಖಚಿತವಾಗಿದೆ. ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಬೆಳಿಗ್ಗೆ ಹಿಡಿಯುತ್ತೆ, ಊಟದ ನಂತರದ್ದು ಹಿಡಿಯಲ್ಲ.

ಉತ್ತರ, ಅದೇ ತಜ್ಞರು: ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನು ಮತ್ತು ಲೆವೊಡೋಪಾ ಕರುಳಿನಲ್ಲಿ ಒಂದೇ ಬಾಗಿಲಿಗೆ ನುಗ್ಗುತ್ತವೆ, ಮಾತ್ರೆ ಹಿಂದುಳಿಯುತ್ತೆ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಕೊಡಿ. ವಾಕರಿಕೆ ಬಂದರೆ ಎರಡು ಬಿಸ್ಕತ್ತು ಸಾಕು, ಹಾಲು ಬೇಡ. ನಸುಗುನ್ನಿ ಪುಡಿಯಲ್ಲೂ ಲೆವೊಡೋಪಾ ಇದೆ. ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಇಲ್ಲದಿದ್ದರೆ ಡೋಸಿನ ಲೆಕ್ಕವೇ ತಪ್ಪುತ್ತೆ. ಮಾತ್ರೆ ಮುಗಿಯುವ ಮುನ್ನವೇ ತಂದಿಡಿ. ಥಟ್ಟನೆ ನಿಂತರೆ ಮೈ ಸೆಟೆದು ಜ್ವರ ಏರುವ ಅಪಾಯವಿದೆ, ಅದು ಆಸ್ಪತ್ರೆಗೆ ಓಡಬೇಕಾದ ಸ್ಥಿತಿ.